ಹಿಂಬದಿ ಮೆಟ್ಟಿಲ ಕಾವಲು

ಆ ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತದ್ದೇ ತಪ್ಪಾಯಿತು ಎಂದು ಅತ್ತಿಗೆ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಿಂದು ಎದ್ದಿದ್ದರೆ ಆ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಬಂದಿದ್ದರೂ ಅಡುಗೆಮನೆಯ ಗೋಡೆ ಮಾತ್ರ ಕೇಳಿಸಿಕೊಳ್ಳುತ್ತಿತ್ತು.

ಅವಳನ್ನು ಅತ್ತಿಗೆ ಎಂದು ಕರೆಯಬೇಕಾದವನು ನ್ಯಾಯವಾಗಿ ಒಬ್ಬನೇ, ಗಂಡನ ತಮ್ಮ. ಆದರೆ ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಆ ಹುಡುಗ ಬೆನ್ನು ಬಿಡದೆ ‘ಅತ್ತಿಗೆ, ಅತ್ತಿಗೆ’ ಎಂದು ತಿರುಗಿ ತಿರುಗಿ, ಆ ಹೆಸರು ಬೀದಿಗೆಲ್ಲ ಅಂಟಿಬಿಟ್ಟಿತ್ತು. ತರಕಾರಿಯವನಿಗೂ ಅವಳು ಅತ್ತಿಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೈಕೆಳಗೆ ದುಡಿಯುವವರಿಗೂ ಅತ್ತಿಗೆ. ಲಿಫ್ಟ್ ರಿಪೇರಿ ಮಾಡುವ ಗಂಡ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅವಳು ಮೈದುನನನ್ನು ಕರೆಯುತ್ತಿದ್ದದ್ದು ಮರಿ ಎಂದು. ಆಗ ಅವನು ಹಾಲುಹಲ್ಲು ಉದುರುತ್ತಿದ್ದ ಹುಡುಗ. ಈಗ ಕಿವಿಯ ಮೇಲೆ ನರೆ ಕಾಣಿಸಿಕೊಂಡಿದ್ದರೂ ಮರಿಯೇ.

ಮರಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ. ಹಿಂದಿನ ವರ್ಷ ಅದು ಬಾಗಿಲು ಹಾಕಿತು. ಅಲ್ಲಿಂದ ಮುಂದೆ ಅಷ್ಟೋ ಇಷ್ಟೋ ಕೆಲಸ ಮನೆಗೇ ಬರುತ್ತಿತ್ತು. ಹಗಲು ಅದನ್ನು ಮಾಡುತ್ತಿದ್ದ, ಪಾತ್ರೆ ತೊಳೆಯುತ್ತಿದ್ದ, ಬಟ್ಟೆ ಒಣಗಿಸುತ್ತಿದ್ದ, ತಾಯಿಯ ಕಣ್ಣಿಗೆ ಔಷಧಿ ಹನಿ ಬಿಡುತ್ತಿದ್ದ. ಸಂಜೆಯಾದರೆ ಅಡುಗೆಮನೆಗೆ ತಾಗಿದ ಸಣ್ಣ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಅದೊಂದು ಬಂದೂಕಿನ ಆಟ. ಈ ಕಡೆ ಐದು ಜನ, ಆ ಕಡೆ ಐದು ಜನ; ಯಾರು ಎಲ್ಲಿಂದ ಆಡುತ್ತಾರೋ ಯಾರಿಗೂ ಗೊತ್ತಿಲ್ಲ. ಮರಿ ಆಡುವುದಕ್ಕಿಂತ ಕಲಿಸುವುದೇ ಹೆಚ್ಚು. ಹೊಸದಾಗಿ ಆಟಕ್ಕೆ ಬಂದು, ಎರಡು ನಿಮಿಷಕ್ಕೊಮ್ಮೆ ಸತ್ತು, ಜೊತೆಗಾರರ ಬೈಗುಳ ತಿಂದು ಬೇಸತ್ತವರನ್ನು ಸೇರಿಸಿಕೊಂಡು ಪಾಠ ಹೇಳುತ್ತಿದ್ದ. ಅಲ್ಲಿ ಅವನ ಹೆಸರು ‘ನಿಧಾನ’.

ಆ ಭಾನುವಾರ ಗುಬ್ಬಿಯ ಫಲಿತಾಂಶ ಬಂದು ಎರಡು ದಿನವಾಗಿತ್ತು. ಗುಬ್ಬಿ ಎಂದರೆ ಅತ್ತಿಗೆಯ ಮಗಳು, ತಾಂತ್ರಿಕ ಕಾಲೇಜಿನ ಮೊದಲ ವರ್ಷ. ಎರಡು ವಿಷಯದಲ್ಲಿ ನಪಾಸಾಗಿದ್ದಳು. ಎರಡು ದಿನ ಯಾರೂ ಏನೂ ಅಂದಿರಲಿಲ್ಲ. ಎರಡನೇ ಸಲ ಅನ್ನ ಬಡಿಸುವಾಗ ಅಪ್ಪ ಕೇಳಿಯೇಬಿಟ್ಟ.

“ಏನಮ್ಮಾ, ಪುಸ್ತಕ ಕಣ್ಣೆದುರಿಗೇ ಇತ್ತು. ಓದಕ್ಕೆ ಏನು ಅಡ್ಡ ಬಂತು?”

ಗುಬ್ಬಿ ತಟ್ಟೆಯಲ್ಲಿ ಬೆರಳಾಡಿಸಿದಳು.

“ಬಾಯಲ್ಲಿ ಅವಲಕ್ಕಿ ತುಂಬ್ಕೊಂಡಿದೀಯಾ? ಅಪ್ಪ ಕೇಳ್ತಿದಾನೆ, ಹೇಳೇ” ಎಂದಳು ಅಜ್ಜಿ.

“ಚಿಕ್ಕಪ್ಪ ಸಂಜೆ ಆದ್ರೆ ಆಟಕ್ಕೆ ಕರೀತಿದ್ರು” ಎಂದಳು ಗುಬ್ಬಿ, ತಟ್ಟೆಗೇ ಹೇಳುವಂತೆ.

ಮರಿಯ ಕೈ ನಿಂತಿತು. ಅವನು ಗುಬ್ಬಿಯನ್ನು ನೋಡಿದ. ಗುಬ್ಬಿ ತಲೆ ಎತ್ತಲಿಲ್ಲ. ಅವನು ಇಲ್ಲ ಎನ್ನಬಹುದಿತ್ತು, ಎನ್ನಲಿಲ್ಲ. ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದ, ಅಷ್ಟೇ.

ಆ ವಾರವೆಲ್ಲ ಅತ್ತಿಗೆಗೆ ಎರಡು ಪಾಳಿಯ ಕೆಲಸ. ಇಸ್ತ್ರಿ ಯಂತ್ರವೊಂದು ಕೆಟ್ಟು, ಹಾಸಿಗೆ ಬಟ್ಟೆಗಳ ರಾಶಿ ಕಿಟಕಿ ಮುಚ್ಚುವಷ್ಟು ಎತ್ತರಕ್ಕೆ ಬೆಳೆದಿತ್ತು. ಕಾಲು ಊದಿಕೊಂಡಿತ್ತು. ಇದೆಲ್ಲ ನಿಜ. ಆದರೆ ಕಾಲು ಊದಿದವರೆಲ್ಲ ಅಂಥ ಮಾತು ಆಡುವುದಿಲ್ಲ.

“ನಿನ್ನ ಬಾಳಂತೂ ಮೂರಾಬಟ್ಟೆ ಆಯ್ತು” ಎಂದಳು ಅವಳು, ಸೌಟು ಕೈಯಲ್ಲೇ ಇತ್ತು. “ನನ್ನ ಮಗಳನ್ನ ಯಾಕೆ ಅದೇ ಗುಂಡಿಗೆ ಎಳೀತೀಯ? ಬೇರೆಯವರ ಮಗನ್ನ ಸ್ವಂತ ಅಂತ ಸಾಕಿದ್ನಲ್ಲ, ನನಗೆ ಬುದ್ಧಿ ಇಲ್ಲ. ಸಾಕಿದ್ದೇ ತಪ್ಪಾಯ್ತು.”

“ಏಯ್” ಎಂದ ಗಂಡ. ಆದರೆ ಆ ‘ಏಯ್’ ತಡವಾಗಿ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರಿ ತಟ್ಟೆಯಲ್ಲಿದ್ದ ಅನ್ನವನ್ನು ಪೂರ್ತಿ ತಿಂದ. ಎಲ್ಲರ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟ. ವಾರ ಕಳೆಯುವುದರೊಳಗೆ ಸೈಕಲ್ ಅಂಗಡಿ ಇಟ್ಟಿದ್ದ ಗೆಳೆಯನ ಮಹಡಿಯಲ್ಲಿ ಒಂದು ಕೋಣೆ ನೋಡಿಕೊಂಡ. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದು ಹೋದ. ಹೋಗುವಾಗ “ಬರ್ತೀನಿ” ಎಂದ. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅತ್ತಿಗೆಗೆ ಎಷ್ಟೋ ಹಗುರವಾಗುತ್ತಿತ್ತು.

*

ಅವನು ಹೋದ ಮೇಲೆ ಮನೆಯಲ್ಲಿ ಎಷ್ಟು ಕೆಲಸವಿತ್ತು ಎನ್ನುವುದು ಗೊತ್ತಾಯಿತು. ತೊಟ್ಟಿಯಲ್ಲಿ ಪಾತ್ರೆ ಬೆಳೆಯತೊಡಗಿತು. ಒಗೆದ ಬಟ್ಟೆ ಬಕೆಟ್ಟಿನಲ್ಲೇ ಮುಗ್ಗಲು ವಾಸನೆ ಹಿಡಿಯಿತು. ಊರಿನ ಆಸ್ಪತ್ರೆಯ ಬಟ್ಟೆಯನ್ನೆಲ್ಲ ಬೆಳ್ಳಗೆ ಮಾಡುವವಳ ಮನೆಯಲ್ಲಿ ಮನೆಮಂದಿ ತೇವದ ಅಂಗಿ ತೊಡುವಂತಾಯಿತು.

ಎಲ್ಲಕ್ಕಿಂತ ದೊಡ್ಡ ರಗಳೆ ಅಜ್ಜಿಯ ಕಣ್ಣಿನದು.

“ಕಣ್ಣು ತೆಗೀರಿ ಅತ್ತೆ.”

“ತೆಗೆದಿದೀನಿ.”

“ಮುಚ್ಚಿದೀರ.”

“ನೀನು ಕತ್ತಿ ಹಿಡಿದು ಬಂದ ಹಾಗೆ ಬಂದ್ರೆ ಮುಚ್ಚದೆ ಏನ್ಮಾಡ್ಲಿ? ಅವನು ಹೇಳ್ತಿದ್ದ, ‘ಅಮ್ಮಾ, ಮೇಲೆ ಆ ಬಿರುಕು ನೋಡು, ಅದು ಯಾವ ಪ್ರಾಣಿ ಥರ ಇದೆ ಹೇಳು’ ಅಂತ. ನಾನು ಒಂಟೆ ಅನ್ನೋದ್ರೊಳಗೆ ಹನಿ ಬಿದ್ದಿರ್ತಿತ್ತು.”

“ನಾನೂ ಕೇಳ್ಲಾ? ಯಾವ ಪ್ರಾಣಿ?”

“ಈಗ ಯಾವ ಪ್ರಾಣಿನೂ ಕಾಣ್ತಿಲ್ಲ” ಎಂದು ಅಜ್ಜಿ ಮುಖ ತಿರುಗಿಸಿದಳು. ಔಷಧಿ ಕೆನ್ನೆಯ ಮೇಲೆ ಇಳಿಯಿತು. ಒರೆಸುತ್ತ ಅಜ್ಜಿ ಕೇಳಿದಳು: “ಅವನನ್ನ ಸಾಕಿದ್ದು ತಪ್ಪು ಅಂದ್ಯಲ್ಲ. ಹೆತ್ತವಳು ನಾನು. ಹಾಗಾದ್ರೆ ಹೆತ್ತಿದ್ದೂ ತಪ್ಪು ಅಂತ ಆಯ್ತಾ?”

ಅತ್ತಿಗೆ ಔಷಧಿ ಸೀಸೆಯ ಮುಚ್ಚಳ ತಿರುಗಿಸಿದಳು.

ಗಂಡ ಬೈಯುವ ಜಾತಿಯವನಲ್ಲ. ಲಿಫ್ಟಿನ ಬಾವಿಯೊಳಗೆ ಒಬ್ಬನೇ ನೇತಾಡಿಕೊಂಡು ಕೆಲಸ ಮಾಡಿ ಮಾಡಿ ಮಾತು ಕಮ್ಮಿ. ಆದರೆ ಊಟಕ್ಕೆ ಕೂತಾಗ ತಮ್ಮ ಕೂರುತ್ತಿದ್ದ ಜಾಗ ಬಿಟ್ಟು ಕೂರುತ್ತಿದ್ದ. ಅದು ಬೈಗುಳಕ್ಕಿಂತ ಜೋರಾಗಿ ಕೇಳಿಸುತ್ತಿತ್ತು.

ಗುಬ್ಬಿ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದಳು. ಬಡಿಸಿದ್ದನ್ನು ಕಲಸಿ ಬಿಡುತ್ತಿದ್ದಳು. ಪುನಃ ಪರೀಕ್ಷೆಗೆ ಓದಬೇಕಾದವಳು ಪುಸ್ತಕ ತೆರೆದಿಟ್ಟು ಗೋಡೆ ನೋಡುತ್ತಿದ್ದಳು. ಒಂದು ಸಂಜೆ ಅತ್ತಿಗೆ ಆಲೂಗಡ್ಡೆ ಹೆಚ್ಚುತ್ತಿದ್ದಾಗ ಬಂದು ಬಾಗಿಲಿಗೆ ಒರಗಿ ನಿಂತಳು.

“ಅಮ್ಮ, ಚಿಕ್ಕಪ್ಪ ನನ್ನ ಕರೀತಿರ್ಲಿಲ್ಲ.”

“ಎಲ್ಲಿಗೆ?”

“ಆಟಕ್ಕೆ. ಪರೀಕ್ಷೆ ಹತ್ರ ಬಂದಾಗ ನಾನೇ ಆಡ್ತೀನಿ ಅಂತ ಹೋದೆ. ‘ಪುಸ್ತಕ ಮುಗ್ಸಿ ಬಾ’ ಅಂತ ಕೋಣೆಯಿಂದ ಆಚೆ ಕಳ್ಸಿದ್ರು. ನನಗೆ ಆ ಎರಡು ವಿಷಯ ಮೊದಲಿಂದ್ಲೂ ಅರ್ಥ ಆಗ್ತಿರ್ಲಿಲ್ಲಮ್ಮ. ಕ್ಲಾಸಲ್ಲಿ ಕೇಳಕ್ಕೆ ನಾಚಿಕೆ. ಆಮೇಲೆ ಕ್ಲಾಸಿಗೇ ಹೋಗ್ಲಿಲ್ಲ.”

ಅತ್ತಿಗೆಯ ಚಾಕು ನಿಂತಿತು. “ಮತ್ತೆ ಆವತ್ತು ಎಲ್ಲರ ಮುಂದೆ ಯಾಕೆ ಹಾಗಂದೆ?”

“ಅಪ್ಪ ಕೇಳಿದ್ರಲ್ಲ. ಬಾಯಿಗೆ ಬಂತು.” ಗುಬ್ಬಿ ಬಾಗಿಲ ಚಿಲಕ ಕೆರೆಯುತ್ತಿದ್ದಳು. “ಚಿಕ್ಕಪ್ಪ ಆದ್ರೆ ಬೈಸ್ಕೊಂಡು ಸುಮ್ನಿರ್ತಾರೆ ಅಂತ ಗೊತ್ತಿತ್ತು. ನೀನು ಇಷ್ಟು ದೊಡ್ಡ ಮಾತು ಆಡ್ತೀಯ ಅಂತ ಗೊತ್ತಿರ್ಲಿಲ್ಲ.”

ಅತ್ತಿಗೆಯ ಕೈ ಹೊಡೆಯಲೆಂದೇ ಎದ್ದಿತು. ಅರ್ಧದಲ್ಲಿ ನಿಂತು ಕೆಳಗಿಳಿಯಿತು. ಹುಡುಗಿ ಆಡಿದ್ದು ಒಂದು ಸುಳ್ಳು. ಅದನ್ನು ಹಿಡಿದು ನೋಡದೆ, ತಿರುಗಿಸಿ ನೋಡದೆ, ಅವನ ಎದೆಗೆ ಎಸೆದವಳು ಯಾರು? ಆಸ್ಪತ್ರೆಯಲ್ಲಿ ಒಂದು ದಿಂಬಿನ ಚೀಲ ಕಳೆದರೂ ನಾಲ್ಕು ಜನರನ್ನು ಕೇಳಿ, ಮೂಲೆ ಮೂಲೆ ಹುಡುಕಿ ಆಮೇಲೆ ಬಾಯಿ ತೆರೆಯುತ್ತಿದ್ದವಳು ಅವಳು.

“ಅಪ್ಪಂಗೆ ಹೇಳು ಹೋಗು” ಎಂದಳು. “ಅಜ್ಜಿಗೂ ಹೇಳು. ನಾನು ಬರಲ್ಲ, ನೀನೇ ಹೇಳ್ಬೇಕು.”

ಗುಬ್ಬಿ ಹೋದಳು. ಒಳಗಿಂದ ಅಜ್ಜಿಯ ದನಿ ಏರಿತು, ಗಂಡನ ದನಿ ಗೊಣಗಿತು, ಆಮೇಲೆ ಗುಬ್ಬಿ ಬಿಕ್ಕುವುದು ಕೇಳಿಸಿತು. ಅತ್ತಿಗೆ ಹೆಚ್ಚಿದ ಆಲೂಗಡ್ಡೆಯನ್ನೇ ಮತ್ತೆ ಮತ್ತೆ ಹೆಚ್ಚುತ್ತ ಕೂತಳು.

ಮರುದಿನ ಕೆಲಸದ ನಡುವೆ ಯಂತ್ರಗಳ ಸದ್ದಿನಿಂದ ಆಚೆ ಬಂದು ಮರಿಗೆ ಫೋನು ಮಾಡಿದಳು.

“ಹೇಳಿ ಅತ್ತಿಗೆ” ಎಂದ ಅವನು.

ಹೇಳಿ! ಬುದ್ಧಿ ಬಂದಾಗಿನಿಂದ ಅವನು ಅವಳನ್ನು ನೀನು ಎಂದೇ ಕರೆದವನು. ಹಿರಿಯರು ಗದರಿಸಿದಾಗಲೂ ‘ಅಮ್ಮನಿಗೆ ನೀವು ಅಂತಾರಾ?’ ಎಂದು ವಾದಿಸಿದವನು. ಆ ಒಂದು ‘ಹೇಳಿ’ಗೆ ಅವಳು ಕಟ್ಟಿಕೊಂಡು ಬಂದ ಮಾತೆಲ್ಲ ಕೆಳಗೆ ಬಿದ್ದುಹೋಯಿತು.

“ಊಟ ಸರಿಯಾಗಿ ಆಗ್ತಿದೆಯಾ?”

“ಆಗ್ತಿದೆ. ನೀವು ಹೇಗಿದೀರಿ? ಅಮ್ಮನ ಕಣ್ಣು?”

“ಪರವಾಗಿಲ್ಲ. ಮರೀ, ಗುಬ್ಬಿ ನಿಜ ಹೇಳಿದ್ಲು.”

“ಅವಳನ್ನ ಬೈಬೇಡಿ. ಚಿಕ್ಕವಳು.”

“ನಾನು…”

“ಯಾರೋ ಬಂದ್ರು ಅತ್ತಿಗೆ, ಆಮೇಲೆ ಮಾತಾಡ್ತೀನಿ.”

ಯಾರೂ ಬಂದಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

*

ದಾರಿ ತೋರಿಸಿದವಳು ಗುಬ್ಬಿಯೇ.

“ಸಂಜೆ ಚಿಕ್ಕಪ್ಪನ ಪಾಠ ಇರುತ್ತಲ್ಲ, ಯಾರು ಬೇಕಾದ್ರೂ ಸೇರ್ಕೋಬಹುದು. ಹೆಸರು ಊರು ಕೇಳಲ್ಲ. ಅಲ್ಲಿ ಅವರು ಯಾರನ್ನೂ ‘ಯಾರೋ ಬಂದ್ರು’ ಅಂತ ಕಳಿಸಲ್ಲ.”

“ನನಗೆ ಆ ಮೌಸು ಅನ್ನೋ ಇಲಿ ಹಿಡಿಯೋಕೂ ಬರಲ್ಲ ಕಣೆ.”

“ಬರದೇ ಇರೋರಿಗೇ ಪಾಠ.”

ಗುಬ್ಬಿ ತನ್ನ ಕಾಲೇಜಿನ ಲ್ಯಾಪ್‌ಟಾಪಿನಲ್ಲಿ ಹೊಸ ಖಾತೆ ತೆರೆದು ‘ಹೊಸಬಳು’ ಎಂದು ಹೆಸರಿಟ್ಟಳು. ಮೈಕು ಬಂದ್ ಮಾಡಿದಳು. ದನಿ ಕೇಳಿದರೆ ಗುರುತು ಹತ್ತುತ್ತದಲ್ಲ. ಪಾಳಿ ಮುಗಿಸಿ ಬಂದ ಅತ್ತಿಗೆ ಕೈಗೆ ಅಂಟಿದ ಸೋಪಿನ ವಾಸನೆ ಹೋಗುವ ಮೊದಲೇ ಹೆಡ್‌ಫೋನ್ ಹಾಕಿಕೊಂಡು ಕೂತಳು. ಒಮ್ಮೆ ಮರಿಯ ದನಿ ಕೇಳಿದರೆ ಸಾಕು ಎಂದಷ್ಟೇ ಅವಳ ಮನಸ್ಸಿನಲ್ಲಿತ್ತು.

ಕೇಳಿಸಿತು. “ಬನ್ನಿ ಹೊಸಬಳು. ಮಾತಾಡಕ್ಕೆ ಸಂಕೋಚ ಆದ್ರೆ ಮಾತಾಡ್ಬೇಡಿ. ಸುಮ್ನೆ ನಮ್ಮ ಜೊತೆ ನಡೀರಿ.”

ಅವಳ ಕಣ್ಣಿಗೆ ನೀರು ಬಂತು. ಪರದೆಯ ಮೇಲೆ ಅವಳ ಸೈನಿಕ ಆಗಲೇ ಗೋಡೆಗೆ ಮುಖ ಮಾಡಿ ನಿಂತಿದ್ದ.

“ಅಮ್ಮ, ತಿರುಗು. ಗೋಡೆ ನೋಡ್ತಿದೀಯ.”

“ಎಲ್ಲಿಂದ ತಿರುಗ್ಲಿ?”

“ಇಲಿ ಅಲ್ಲಾಡ್ಸು. ಅಯ್ಯೋ, ಆಕಾಶ ಅಲ್ಲ!”

ಆಟದ ಲೆಕ್ಕ ಇಷ್ಟೇ. ಒಂದು ಹಳೆಯ ಕಾರ್ಖಾನೆ, ಅದರಲ್ಲಿ ಎರಡು ಗೋದಾಮು. ಒಂದು ತಂಡ ಸ್ಫೋಟಕದ ಪೆಟ್ಟಿಗೆಯನ್ನು ಯಾವುದಾದರೂ ಒಂದು ಗೋದಾಮಿಗೆ ಸಾಗಿಸಬೇಕು, ಇನ್ನೊಂದು ತಂಡ ತಡೆಯಬೇಕು. ಸತ್ತವರು ಆ ಸುತ್ತು ಮುಗಿಯುವವರೆಗೆ ನೋಡುತ್ತ ಕೂರಬೇಕು, ಮಾತು ಮಾತ್ರ ಆಡಬಹುದು. ಅತ್ತಿಗೆ ಇಷ್ಟು ದಿನ ಬಾಗಿಲಾಚೆ ಕೇಳಿದ್ದು ಬರಿಯ ಢಂ ಢಂ. ಒಳಗೆ ಬಂದು ನೋಡಿದರೆ ಮರಿ ಕಲಿಸುತ್ತಿದ್ದದ್ದರಲ್ಲಿ ಗುಂಡು ಹೊಡೆಯುವುದು ಎಲ್ಲೋ ಕೊನೆಗಿತ್ತು.

“ಓಡ್ಬೇಡಿ. ಓಡಿದ್ರೆ ಹೆಜ್ಜೆ ಸದ್ದಾಗುತ್ತೆ. ನಿಂತು ಕೇಳಿ. ಕಬ್ಬಿಣದ ಮೆಟ್ಟಿಲಿನ ಸದ್ದು ಬೇರೆ, ಸಿಮೆಂಟು ನೆಲದ್ದು ಬೇರೆ. ಕಿವಿಗೆ ಗೊತ್ತಾದ ಮೇಲೆ ಕಣ್ಣು.”

“ಹೊಗೆ ಡಬ್ಬಿ ನಿಮಗೋಸ್ಕರ ಅಲ್ಲ. ಜೊತೆಯವರು ದಾಟ್ಬೇಕಾದ್ರೆ ಅವರ ಮುಂದೆ ಎಸೀರಿ.”

“ಸಾಯೋದು ತಪ್ಪಲ್ಲ. ಸುಮ್ನೆ ಸಾಯೋದು ತಪ್ಪು. ಎಷ್ಟು ಜನ ಕಂಡ್ರು, ಎಲ್ಲಿ ಕಂಡ್ರು, ಅಷ್ಟು ಹೇಳಿ ಸಾಯಿರಿ. ಆಗ ಉಳಿದ ನಾಲ್ಕು ಜನಕ್ಕೆ ನಿಮ್ಮ ಸಾವು ದಾರಿ ಆಗುತ್ತೆ.”

ಅತ್ತಿಗೆ ಮೊದಲ ವಾರ ಸುಮ್ಮನೆ ಸತ್ತಳು. ಎರಡನೇ ವಾರ ಮೂಲೆ ಹಿಡಿದು ನಿಲ್ಲುವುದನ್ನು ಕಲಿತಳು. ಬಾಗಿಲಿಗೆ ತೀರ ಅಂಟಿ ನಿಲ್ಲಬಾರದು, ಹಿಂದೆ ಸರಿದು ನಿಂತರೆ ಬರುವವನು ಮೊದಲು ಕಾಣುತ್ತಾನೆ ಎಂದು ತಿಳಿಯಿತು. ಒಮ್ಮೆ ಎದುರಾಳಿಗಳು ಒಂದು ಗೋದಾಮಿನ ಬಳಿ ಬೇಕೆಂದೇ ಗದ್ದಲವೆಬ್ಬಿಸಿ, ಇವರೆಲ್ಲ ಅತ್ತ ಓಡಿದ ಮೇಲೆ ಇನ್ನೊಂದಕ್ಕೆ ನುಗ್ಗಿದಾಗ “ಅಬ್ಬಾ ಕಳ್ಳರಾ!” ಎಂದು ಒಬ್ಬಳೇ ನಕ್ಕುಬಿಟ್ಟಳು. ನಕ್ಕ ಮರುಕ್ಷಣವೇ ನಾಚಿಕೆಯಾಯಿತು. ಇಷ್ಟು ದಿನ ಇದೇ ಮನೆಯೊಳಗೆ, ಗೋಡೆಯಾಚೆ, ಅವನು ಇದನ್ನು ಹೇಳಿಕೊಡುತ್ತಿದ್ದ. ಒಂದು ದಿನವೂ ‘ಏನು ಮಾಡ್ತಿದೀಯ ಮರಿ?’ ಎಂದು ಕೇಳಿರಲಿಲ್ಲ. ‘ಆಫ್ ಮಾಡು, ಊಟಕ್ಕೆ ಬಾ’ ಎಂದಿದ್ದಳು.

ಇನ್ನೊಂದು ಸಂಜೆ ಒಬ್ಬ ಹುಡುಗ ಸೋತ ಸಿಟ್ಟಿಗೆ ಕೂಗಾಡಿದ. “ಎಲ್ಲಾ ಈ ಪುಣ್ಯಾತ್ಮನಿಂದ! ಇವನೇ ಮೊದ್ಲು ಸತ್ತಿದ್ದು. ಇವನಿದ್ರೆ ನಾವು ಗೆಲ್ಲಲ್ಲ.”

“ಆಗ್ಲಿ, ನೋಡೋಣ” ಎಂದ ಮರಿ. ಮುಗಿದ ಆಟವನ್ನು ಹಿಂದಕ್ಕೆ ಓಡಿಸಿದ. “ಇಲ್ಲಿ ಇವರು ಬಾಗಿಲು ಕಾಯ್ತಿದಾರೆ. ಇವರ ಬೆನ್ನು ಕಾಯ್ಬೇಕಾದೋರು ನೀವು. ನೀವೆಲ್ಲಿದೀರಿ? ಆ ಕಡೆ ಸದ್ದು ಕೇಳಿ ಓಡಿ ಹೋದ್ರಿ. ಇವರು ಎರಡೂ ಕಡೆ ಒಬ್ಬರೇ ನೋಡ್ತಾ ನಿಂತ್ರು, ಸತ್ರು. ಯಾರು ಬಿದ್ರು ಅನ್ನೋದು ಎಲ್ಲರಿಗೂ ಕಾಣುತ್ತೆ. ಯಾಕೆ ಬಿದ್ರು ಅಂತ ಹಿಂದಕ್ಕೆ ಹೋಗಿ ನೋಡ್ಬೇಕು.”

ಈ ಕಡೆ ಅತ್ತಿಗೆ ಹೆಡ್‌ಫೋನ್ ತೆಗೆದಿಟ್ಟು ಎದ್ದು ಹೋಗಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆಯ ಮುಂದೆ ನಿಂತಳು.

ಅಜ್ಜಿಗೂ ವಿಷಯ ಗೊತ್ತಾಯಿತು. ಸಂಜೆಯಾದರೆ ಕುರ್ಚಿ ಎಳೆದುಕೊಂಡು ಬಂದು, “ಆ ಕಿವಿಯದ್ದು ತೆಗೆದು ಜೋರಾಗಿ ಹಾಕು, ನನ್ನ ಮಗನ ದನಿ ನಾನೂ ಕೇಳ್ಬೇಕು” ಎಂದು ಹಟ ಹಿಡಿದಳು. ಕೇಳಿ, “ಇವನೇನು ಎಲ್ಲರಿಗೂ ಹಿಂದೆ ನೋಡಿ, ಹಿಂದೆ ನೋಡಿ ಅಂತಾನೆ? ಕಳ್ಳರ ಊರಾ?” ಎಂದಳು.

ಗಂಡ ಮಾತ್ರ ಒಪ್ಪಲಿಲ್ಲ. ಬಾಗಿಲಲ್ಲಿ ನಿಂತು ನೋಡಿ ಹೇಳಿದ: “ಕದ್ದು ಕೇಳೋದು ಮರ್ಯಾದೆನಾ?”

“ಕದ್ದು ಅಲ್ಲ ರೀ. ಆಡ್ತಿದೀನಿ.”

“ಮುಖ ಮುಚ್ಕೊಂಡು. ಆ ಸೈಕಲ್ ಅಂಗಡಿ ಇಲ್ಲೇ ಇದೆ. ಹೋಗಿ ಬಾಗಿಲು ತಟ್ಟು.”

“ತಟ್ಟಿದ್ರೆ ‘ಬನ್ನಿ, ಕೂತ್ಕೊಳ್ಳಿ’ ಅಂತಾನೆ. ಆ ‘ಬನ್ನಿ’ ಕೇಳಕ್ಕಾಗಲ್ಲ ನನಗೆ.”

“ಇಲ್ಲೂ ನಿನ್ನ ಬನ್ನಿ ಅಂತಾನೇ ಕರೀತಾನಲ್ಲ?”

“ಇಲ್ಲಿ ಯಾರೋ ಗೊತ್ತಿಲ್ದವಳಿಗೆ ಹೇಳ್ತಾನೆ. ನನಗಲ್ಲ.”

ಗಂಡ ತಲೆ ಕೆರೆದುಕೊಂಡ. “ನನ್ನ ತಪ್ಪೂ ಇದೆ” ಎಂದ. “ಆವತ್ತು ‘ಏಯ್’ ಅಂದು ಸುಮ್ನಾದೆ. ನನ್ನ ತಮ್ಮ ಅವನು.” ಅಷ್ಟು ಹೇಳಿ ತೊಟ್ಟಿಯಲ್ಲಿದ್ದ ಪಾತ್ರೆ ತೊಳೆಯಲು ಹೋದ. ಮದುವೆಯಾದಾಗಿನಿಂದ ಅವನು ಪಾತ್ರೆ ಮುಟ್ಟಿದ್ದು ಅದೇ ಮೊದಲು. ಎರಡು ಲೋಟ ಒಡೆದ.

ದಿನ ಕಳೆದಂತೆ ಅತ್ತಿಗೆ ಮನಸ್ಸಿನಲ್ಲಿ ಹೊತ್ತ ಭಾರ ಎರಡಾಯಿತು. ಆಡಿದ ಮಾತು ಒಂದು, ಈಗ ಆಡುತ್ತಿರುವ ವೇಷ ಇನ್ನೊಂದು. ಮರಿ ಅವಳ ಬಗ್ಗೆ ಹೆಮ್ಮೆಪಡತೊಡಗಿದ್ದ. “ಹೊಸಬಳು ನೋಡಿ, ಬಂದಾಗ ಆಕಾಶ ನೋಡ್ತಿದ್ರು. ಈಗ ಇವರು ನಿಂತ ಮೂಲೆ ಬಿಡಲ್ಲ” ಎಂದು ಬೇರೆಯವರಿಗೆ ಹೇಳುತ್ತಿದ್ದ. ಅವನ ಮೆಚ್ಚುಗೆ ಕದ್ದ ಮಾಲಿನಂತೆ ಅವಳ ಕೈಯನ್ನು ಸುಡುತ್ತಿತ್ತು. ನಾಳೆಯಿಂದ ಬರಬಾರದು ಎಂದುಕೊಳ್ಳುವಳು. ನಾಳೆ ಮತ್ತೆ ಬರುವಳು.

*

ಆ ದಿನ ಪಾಠ ಮುಗಿಯುವ ಮುನ್ನ ಕೊನೆಯ ಆಟ. ಎರಡೂ ತಂಡ ಸಮಸಮವಾಗಿದ್ದವು.

“ಹೊಸಬಳು, ನೀವು ಹಿಂಬದಿ ಮೆಟ್ಟಿಲು ನೋಡ್ಕೊಳ್ಳಿ” ಎಂದ ಮರಿ. “ಯಾರೂ ಬರದೇ ಇರಬಹುದು. ಈ ಕಡೆ ನಾವೆಲ್ಲ ಗುದ್ದಾಡ್ತಿರ್ತೀವಿ, ನಿಮಗೆ ಬೇಜಾರಾಗುತ್ತೆ, ಓಡಿ ಬರ್ಬೇಕು ಅನ್ಸುತ್ತೆ. ಬರ್ಬೇಡಿ. ನೀವು ಅಲ್ಲಿದೀರಿ ಅಂತ ನಂಬಿ ನಾನು ಹಿಂದೆ ತಿರುಗಲ್ಲ.”

ಅತ್ತಿಗೆ ನಿಂತಳು. ಪರದೆಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಮೆಟ್ಟಿಲು, ಒಂದು ಒಡೆದ ದೀಪ. ಮುಂದಿನ ಬಾಗಿಲ ಕಡೆ ಗುಂಡಿನ ಮಳೆ. ಒಬ್ಬ ಬಿದ್ದ, “ಕಿಟಕಿಯಲ್ಲಿ ಇಬ್ಬರು” ಎಂದು ಹೇಳಿ ಬಿದ್ದ. ಇನ್ನಿಬ್ಬರು ಬಿದ್ದರು. ಅತ್ತಿಗೆ ಜಾಗ ಬಿಡಲಿಲ್ಲ. ಅಜ್ಜಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಗುಬ್ಬಿ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದಳು.

ಮೆಟ್ಟಿಲಿನ ಕಡೆಯಿಂದ ಸದ್ದು ಬಂತು. ಕಬ್ಬಿಣದ ಸದ್ದು. ಒಬ್ಬನಲ್ಲ, ಇಬ್ಬರು.

ಬಂದೂಕು ಎತ್ತಿದಳು. ಮೊದಲನೆಯವನ ಮೇಲೆ ಗುಂಡು ಹಾರಿಸಿದಳು. ಬಿದ್ದನೋ ಇಲ್ಲವೋ ತಿಳಿಯುವ ಮೊದಲೇ ಪರದೆ ಕೆಂಪಾಗಿ, ಅವಳೇ ಬಿದ್ದಳು. ಎರಡನೆಯವನು ಅವಳ ಹೆಣ ದಾಟಿ ಒಳಗೆ ನಡೆದ. ಅಲ್ಲಿ ಮರಿಯ ಸೈನಿಕ ಬೆನ್ನು ಹಾಕಿ ನಿಂತಿದ್ದ. ನಂಬಿ ನಿಂತಿದ್ದ.

ಅತ್ತಿಗೆಯ ಕೈ ಮೈಕಿನ ಗುಂಡಿಯ ಮೇಲಿತ್ತು. ಯಾವಾಗ ಒತ್ತಿದಳೋ ಅವಳಿಗೇ ಗೊತ್ತಿಲ್ಲ.

“ಮರೀ! ಹಿಂದೆ! ನಿನ್ನ ಹಿಂದೆ!”

ಮರಿಯ ಸೈನಿಕ ತಿರುಗಲಿಲ್ಲ. ಮರಗಟ್ಟಿದವನಂತೆ ನಿಂತುಬಿಟ್ಟ. ಒಂದು ಗುಂಡು ಸಾಕಾಯಿತು. ಸುತ್ತು ಮುಗಿಯಿತು, ಆಟ ಸೋತರು.

“ಮರಿ ಯಾರು?” ಎಂದ ಯಾವನೋ ಹುಡುಗ.

ಅಜ್ಜಿ ಎಚ್ಚೆತ್ತು “ಏನಾಯ್ತು? ಯಾರು ಬಿದ್ರು?” ಎಂದದ್ದು ಕೂಡ ಮೈಕಿನಲ್ಲಿ ಹಾದು ಹೋಗಿರಬೇಕು. ಅತ್ತಿಗೆ ಗುಂಡಿ ಬಿಡಲಿಲ್ಲ. ಆಡಿದ್ದು ಎಲ್ಲರ ಮುಂದೆ, ತಪ್ಪೊಪ್ಪುವುದು ಮುಚ್ಚಿದ ಬಾಗಿಲ ಹಿಂದೆ ಯಾಕೆ ಎಂದು ಅವಳಿಗೆ ಅನ್ನಿಸಿತು.

“ನಾನು ಇವನ ಅತ್ತಿಗೆ” ಎಂದಳು. “ಇವನಿಗೆ ಆಡಬಾರದ ಮಾತು ಆಡಿದೀನಿ. ಯಾವ ತಪ್ಪೂ ಇರ್ಲಿಲ್ಲ ಇವನದ್ದು. ಮುಖ ತೋರ್ಸೋ ಧೈರ್ಯ ಇಲ್ಲದೆ ಇಲ್ಲಿ ಬಂದು ಕೂತೆ. ಅದೂ ತಪ್ಪೇ. ಇಷ್ಟು ಹೇಳ್ಬೇಕಿತ್ತು.”

ಆಮೇಲೆ ಮರಿ ಗಂಟಲು ಸರಿಮಾಡಿಕೊಂಡ.

“ಸೋತಿದ್ದು ನನ್ನಿಂದ” ಎಂದ, ಎಲ್ಲರಿಗೂ. “ಹೊಸಬಳು ಸರಿಯಾದ ಜಾಗದಲ್ಲಿದ್ರು. ಹೇಳ್ಬೇಕಾದ್ದು ಹೇಳಿದ್ರು. ನಾನು ತಿರುಗ್ಲಿಲ್ಲ. ನಾಳೆ ಇದೇ ಸುತ್ತು ಮತ್ತೆ ನೋಡೋಣ.” ಪಾಠ ಮುಗಿಯಿತು.

*

ಮರುದಿನ ಪಾಳಿ ಮುಗಿದದ್ದೇ ಅತ್ತಿಗೆ ಗುಬ್ಬಿಯನ್ನು ಕರೆದುಕೊಂಡು ಸೈಕಲ್ ಅಂಗಡಿಯ ಮಹಡಿ ಹತ್ತಿದಳು. ಕೆಳಗಿಂದ ರಬ್ಬರು, ಗ್ರೀಸಿನ ವಾಸನೆ ಬರುತ್ತಿತ್ತು. ಒಂದು ಮಂಚ, ಒಂದು ಮೇಜು, ತಿದ್ದಿಟ್ಟ ಕರಡಿನ ಕಟ್ಟು, ಕಿಟಕಿಯಲ್ಲಿ ಒಣಗಲು ಹಾಕಿದ ಒಂದೇ ಅಂಗಿ.

“ಬನ್ನಿ, ಕೂತ್ಕೊಳ್ಳಿ” ಎಂದ ಮರಿ. ಅವಳು ಹೆದರಿದ್ದ ಹಾಗೆಯೇ.

ಗುಬ್ಬಿ ನಿಂತಲ್ಲೇ ಅತ್ತಳು. “ಚಿಕ್ಕಪ್ಪ, ನಾನು ಸುಳ್ಳು ಹೇಳಿದೆ.”

“ಗೊತ್ತಲ್ಲೇ, ನಾನೂ ಅಲ್ಲೇ ಕೂತಿದ್ದೆ” ಎಂದ ಅವನು. ಅವಳ ತಲೆಯ ಮೇಲೆ ಮೆಲ್ಲಗೆ ಮೊಟಕಿದ. “ಮುಂದಿನ ಸಲ ಸಿಕ್ಕಿಹಾಕ್ಕೊಂಡ್ರೆ ಸೀದಾ ನನ್ನ ಹತ್ರ ಬಾ. ಇಬ್ಬರೂ ಸೇರಿ ಏನಾದ್ರೂ ಯೋಚ್ನೆ ಮಾಡೋಣ. ಹೋಗು, ಕೆಳಗೆ ಚಹಾ ಹೇಳಿ ಬಾ.”

ಗುಬ್ಬಿ ಇಳಿದು ಹೋದಳು. ಅತ್ತಿಗೆ ಮಂಚದ ಅಂಚಿಗೆ ಕೂತಳು.

“ಅವಳು ಅಂದಿದ್ದನ್ನ ನಂಬಿ ಅಂದುಬಿಟ್ಟೆ ಮರೀ. ಕೆಲಸ ಜಾಸ್ತಿ ಇತ್ತು, ತಲೆ ಕೆಟ್ಟಿತ್ತು…”

ಅವನು ಕಿಟಕಿಯ ಅಂಗಿಯನ್ನು ತಿರುಗಿಸಿ ಹಾಕುತ್ತ ನಿಂತಿದ್ದ. “ಅತ್ತಿಗೆ, ಗುಬ್ಬಿ ಸುಳ್ಳು ಹೇಳಿ ಎರಡು ಉಸಿರು ಆಗಿರ್ಲಿಲ್ಲ, ನಿನ್ನ ಮಾತು ಬಂತು. ಅಷ್ಟು ಬೇಗ ಅಂಥ ಮಾತು ಹುಟ್ಟಲ್ಲ. ಅದು ಮೊದ್ಲಿಂದ ನಿನ್ನ ಒಳಗಿತ್ತು. ಆವತ್ತು ಬಾಗಿಲು ಸಿಕ್ತು, ಆಚೆ ಬಂತು.”

ನೀನು ಎಂದಿದ್ದ. ಇಷ್ಟು ದಿನ ಕಾದದ್ದು ಬಂತು, ಆದರೆ ಅದು ಇಂಥ ಮಾತಿನ ಜೊತೆಗೆ ಬಂತು. ಇಲ್ಲ ಎನ್ನುವುದು ಸುಲಭವಿತ್ತು. ಅತ್ತಿಗೆ ತನ್ನ ಕೈ ನೋಡಿಕೊಂಡಳು. ಬಿಸಿನೀರು, ಸೋಪಿಗೆ ಸುಕ್ಕುಗಟ್ಟಿದ ಬೆರಳು. ಬಂದ ಹೊಸತರಲ್ಲಿ, ಇವನಿಗೆ ಜ್ವರ ಬಂದು ಕೆಲಸ ಬಿಟ್ಟು ಕೂತ ದಿನ. ಗಂಡನ ಜೊತೆ ಬೇರೆ ಮನೆ ಮಾಡುವ ಆಸೆ ನುಂಗಿಕೊಂಡ ದಿನ. ಮುದ್ರಣಾಲಯ ಮುಚ್ಚಿತು ಎಂದು ಇವನು ಬಂದು ಹೇಳಿದ ದಿನ.

“ಇತ್ತು” ಎಂದಳು. “ಒಂದೊಂದು ದಿನ ಇತ್ತು. ಒಂದೊಂದು ದಿನ ನೀನೇ ನನ್ನ ಹಿರೀ ಮಗ ಅಂತಿತ್ತು. ಎರಡೂ ನಿಜ ಮರಿ. ಯಾವುದನ್ನ ಬಾಯಿಗೆ ತರ್ಬೇಕಿತ್ತೋ ಅದನ್ನ ತರ್ಲಿಲ್ಲ.”

ಮರಿ ತಿರುಗಿ ಅವಳನ್ನು ನೋಡಿದ. ಅವನ ಮುಖ ಸಡಿಲವಾಯಿತು, ನಗುವಿನಷ್ಟು ಅಲ್ಲ. “ಇಲ್ಲ ಅಂದಿದ್ರೆ ನಾನು ನಂಬ್ತಿರ್ಲಿಲ್ಲ” ಎಂದ.

“ಮನೆಗೆ ಬಾ.”

“ಇರಕ್ಕೆ ಬರಲ್ಲ ಅತ್ತಿಗೆ. ಕೋಪಕ್ಕಲ್ಲ. ನನಗೂ ಗೊತ್ತಿತ್ತು, ಆ ಕೋಣೆಯಲ್ಲಿ ತುಂಬ ದಿನ ಕೂತೆ ಅಂತ. ಯಾರಾದ್ರೂ ಹೇಳ್ಬೇಕಿತ್ತು.” ಮೇಜಿನ ಮೇಲಿನ ಕರಡು ಜೋಡಿಸಿದ. “ಬೇರೆ ಥರ ಹೇಳ್ಬಹುದಿತ್ತು.”

“ಹೌದು.”

“ಅಮ್ಮನ ಕಣ್ಣಿಗೆ ಹನಿ ಹಾಕಕ್ಕೆ ದಿನಾ ಬೆಳಿಗ್ಗೆ ಬರ್ತೀನಿ. ಭಾನುವಾರ ಊಟಕ್ಕೂ.”

ಚಹಾ ಬಂತು. ಮೂವರೂ ಕುಡಿದರು. ಗುಬ್ಬಿ ತನಗೆ ಅರ್ಥವಾಗದ ಆ ಎರಡು ವಿಷಯದ ಪುಸ್ತಕ ತಂದಿದ್ದಳು. ಮರಿ ಅದನ್ನು ಬಿಡಿಸಿ ನೋಡಿ, “ನನಗೂ ಏನೂ ತಿಳೀತಿಲ್ಲ, ತಿಳಿದೋರನ್ನ ಹುಡುಕೋಣ ಬಿಡು” ಎಂದ.

ಅತ್ತಿಗೆ ಒಬ್ಬಳೇ ಮುಂಚೆ ಮನೆಗೆ ಬಂದಳು. ಗಂಡ ಬಾಗಿಲಲ್ಲೇ ಕೇಳಿದ: “ಬರ್ತಾನಾ?”

“ಬಂದು ಹೋಗ್ತಾನೆ.”

“ಅಂದ್ರೆ?”

“ಅಂದ್ರೆ ಅಷ್ಟೇ ರೀ. ಬಂದು ಹೋಗ್ತಾನೆ.”

ಮರುದಿನ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಹುಟ್ಟಿ ಬೆಳೆದ ಮನೆಯ ಗಂಟೆಯನ್ನು ಮರಿ ಒತ್ತಿ ಹೊರಗೆ ನಿಂತದ್ದು ಅದೇ ಮೊದಲು. ಗುಬ್ಬಿ ತೆರೆಯಲು ಓಡಿದಳು. “ನಿಲ್ಲು” ಎಂದಳು ಅತ್ತಿಗೆ. ಒಲೆ ಆರಿಸಿ, ಕೈ ಒರೆಸಿಕೊಂಡು, ತಾನೇ ಹೋಗಿ ಬಾಗಿಲು ತೆಗೆದಳು. ಆಮೇಲೂ ಅಷ್ಟೇ. ಒಲೆಯ ಮೇಲೆ ಏನು ಉಕ್ಕುತ್ತಿದ್ದರೂ ಸರಿ, ಅವನು ಗಂಟೆ ಒತ್ತಿದಾಗ ಬಾಗಿಲು ತೆಗೆಯುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.